ಲೆಕ್ಕಕ್ಕೆ ಸಿಗದ ಗಾಳಿ

ತುಮಕೂರಿನಲ್ಲಿ ನಾನು ಗ್ಯಾರೇಜ್ ಇಟ್ಟು 16 ವರ್ಷ ಆಯಿತು. ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲು ಕಲಿಸುವುದೇ ಏರ್ ಫಿಲ್ಟರ್ ಬಿಚ್ಚಿ ಹಾಕುವುದನ್ನು. ಅದಕ್ಕೇ ಇರಬೇಕು, ಅಕ್ಕನ ಮಗ ಹೊರಗಿನ ಇಂಟೇಕ್ ಕಿಟ್ (ಎಂಜಿನ್ನಿಗೆ ಗಾಳಿ ಹೋಗುವ ಕಂಪನಿಯ ಫಿಲ್ಟರ್, ಪೈಪಿನ ಬದಲು ಹಾಕುವ ಬೇರೆಯವರ ಸೆಟ್) ಹಿಡಿದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಬಂದು ನಿಂತಾಗ ನನಗೆ ಅದು ದೊಡ್ಡ ಕೆಲಸ ಅನ್ನಿಸಲೇ ಇಲ್ಲ.

ಗಾಡಿ 2012ರ ಕೊರೋಲಾ ಆಲ್ಟಿಸ್, 1.8 ಲೀಟರ್ ಪೆಟ್ರೋಲ್. ನಮ್ಮ ಬಿಡದಿಯಲ್ಲೇ ಜೋಡಣೆಯಾದದ್ದು. ಭಾವ ಅದನ್ನು ಮಗುವಿನ ಹಾಗೆ ನೋಡಿಕೊಂಡಿದ್ದರು. ಈಗ ಮಗನ ಕೈಗೆ ಬಂದಿದೆ. ಅವನಿಗೆ ಪಿಕಪ್ ಇನ್ನೂ ಸ್ವಲ್ಪ ಬೇಕು, ಸೌಂಡು ಬೇಕು.

"ಮಾವ, ಇವತ್ತು ಗ್ಯಾರೇಜ್ ರಜಾ ಅಲ್ವಾ? ಇಲ್ಲೇ ಹಾಕಿಬಿಡೋಣ. ಒಂದು ಗಂಟೆ ಕೆಲಸ ಅಂತ ಬಾಕ್ಸ್ ಮೇಲೇ ಬರೆದಿದ್ದಾರೆ."

ಮನೆಯಲ್ಲಿ ಇದ್ದದ್ದು ಚಿಕ್ಕ ಟೂಲ್ ಬಾಕ್ಸ್. ಹತ್ತರ ಟಿ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್. ಗಾಡಿಯ ಕಂಪ್ಯೂಟರ್ ಏನು ಹೇಳುತ್ತಿದೆ ಅಂತ ಓದುವ ಸ್ಕ್ಯಾನರ್ ಗ್ಯಾರೇಜಿನಲ್ಲಿತ್ತು. ಬೈಕಿನಲ್ಲಿ ಹೋದರೆ ಹತ್ತು ನಿಮಿಷ. ನಾನು ಹೋಗಲಿಲ್ಲ.

ಮೊದಲು ಕಂಪನಿಯವರು ಅಲ್ಲಿ ಏನು ಇಟ್ಟಿರುತ್ತಾರೆ ಅಂತ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಬ್ಯಾಟರಿ ಪಕ್ಕ ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿ, ಒಳಗೆ ಪೇಪರ್ ಫಿಲ್ಟರ್. ಡಬ್ಬಿಯ ಬಾಯಿ ಎಂಜಿನ್ ಕಡೆ ಇರುವುದಿಲ್ಲ, ಗಾಡಿಯ ಮುಂಭಾಗಕ್ಕೆ ಇರುತ್ತದೆ. ತಣ್ಣನೆ ಗಾಳಿ ಸಿಗುವುದು ಅಲ್ಲೇ. ಫಿಲ್ಟರ್ ದಾಟಿದ ಗಾಳಿ, ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮುಂದೆ ಹಾದುಹೋಗುತ್ತದೆ. ಅದರೊಳಗೆ ಒಂದು ಕಾದ ತಂತಿ. ಹೋಗುವ ಗಾಳಿ ಅದನ್ನು ಆರಿಸುತ್ತದೆ. ಮತ್ತೆ ಕಾಯಿಸಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರ ಮೇಲೆ ಗಾಳಿ ಎಷ್ಟು ಹೋಯಿತು ಅಂತ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು ಲೆಕ್ಕ ಹಾಕುತ್ತದೆ. 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್, ಹೆಚ್ಚುಕಡಿಮೆ ಆ ಪ್ರಮಾಣದಲ್ಲಿ ಇಂಜೆಕ್ಟರ್ ತೆರೆಯುತ್ತದೆ.

ಸೆನ್ಸರ್ ದಾಟಿದ ಮೇಲೆ, ಗಾಳಿಯನ್ನು ಎಂಜಿನ್ನಿಗೆ ಬಿಡುವ ಬಾಗಿಲಾದ ಥ್ರಾಟಲ್‌ವರೆಗೆ ದಪ್ಪ ರಬ್ಬರ್ ಹೋಸ್. ಅದಕ್ಕೆ ಎಂಜಿನ್ ಹೆಡ್ ಕವರಿನಿಂದ ಬರುವ ಸಣ್ಣ ಬ್ರೀದರ್ ಪೈಪ್ ಸೇರಿಕೊಂಡಿರುತ್ತದೆ. ಈ ಸಣ್ಣ ಪೈಪನ್ನು ನೆನಪಿಟ್ಟುಕೊಳ್ಳಿ.

ಬಿಚ್ಚುವ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಕಿಟ್‌ನಲ್ಲಿ ಅಲ್ಯೂಮಿನಿಯಂ ಪೈಪ್, ಶಂಕುವಿನ ಆಕಾರದ ಕಾಟನ್ ಫಿಲ್ಟರ್, ಎರಡು ಸಿಲಿಕಾನ್ ಜಾಯಿಂಟ್, ನಾಲ್ಕು ಹೋಸ್ ಕ್ಲಿಪ್ ಇದ್ದವು. ಸೆನ್ಸರ್ ಮೇಲೆ ಗಾಳಿಯ ದಿಕ್ಕು ತೋರಿಸುವ ಬಾಣದ ಗುರುತು ಇರುತ್ತದೆ. ಅದು ಎಂಜಿನ್ ಕಡೆಗೇ ಇರುವಂತೆ ನೋಡಿಕೊಂಡು ಎರಡು ಸ್ಕ್ರೂ ಬಿಗಿ ಮಾಡಿದೆ. ತಂತಿಯನ್ನು ಬೆರಳಿನಿಂದ ಮುಟ್ಟಲಿಲ್ಲ. ಅಲ್ಲಿಯವರೆಗೆ ಎಲ್ಲ ಸರಿಯಾಗೇ ಮಾಡಿದೆ.

ಬ್ರೀದರ್ ಪೈಪ್ ಸೇರಿಸಲು ಅಲ್ಯೂಮಿನಿಯಂ ಪೈಪಿನಲ್ಲಿ ಒಂದು ತೂತು, ಅದಕ್ಕೆ ಕೂರಿಸಲು ರಬ್ಬರ್ ಗ್ರಾಮೆಟ್, ಅಂದರೆ ಸಂದಿ ಮುಚ್ಚುವ ಬಳೆ. ಅದು ಕೂರಲೇ ಇಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಮೇಲೇಳುತ್ತಿತ್ತು. ಒಂದು ಹನಿ ಸೋಪಿನ ನೀರು ಸವರಿದ್ದರೆ ಜಾರಿಕೊಂಡು ಹೋಗುತ್ತಿತ್ತು. ಒಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ನಾನು ಸ್ಕ್ರೂಡ್ರೈವರ್ ತುದಿಯಿಂದ ಅದರ ಅಂಚನ್ನು ಒಳಕ್ಕೆ ತಳ್ಳಿದೆ. ಟಕ್ ಅಂತ ಕೂತಿತು.

ಗಾಡಿ ಸ್ಟಾರ್ಟ್ ಮಾಡಿ ರೇಸ್ ಕೊಟ್ಟಾಗ ಬಂದ ಸೌಂಡಿಗೆ ಹುಡುಗನ ಮುಖ ಅರಳಿತು. ನನಗೂ ಖುಷಿ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಟ್ಟು ಫೋನ್ ಬಂತು. "ಮಾವ, ಸಿಗ್ನಲ್ಲಲ್ಲಿ ನಿಂತರೆ ಗಾಡಿ ನಡುಗ್ತಿದೆ. ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡ್ತಿದೆ." ನಾನು ಕೆಲಸದ ಗಡಿಬಿಡಿಯಲ್ಲಿ ಹೇಳಿದ ಮಾತು ಈಗಲೂ ಚುಚ್ಚುತ್ತದೆ: "ಪೆಟ್ರೋಲ್ ಸರಿ ಇಲ್ಲ ಕಣೋ, ಬೇರೆ ಬಂಕಲ್ಲಿ ಹಾಕಿಸಿ ನೋಡು." ಬೇರೆ ಗಿರಾಕಿ ಇದೇ ದೂರು ಹೇಳಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇತ್ತೀಚೆಗೆ ಗಾಡಿಗೆ ಏನು ಕೆಲಸ ಮಾಡಿಸಿದ್ರಿ?" ಕೆಲಸ ಮಾಡಿದವನು ನಾನೇ ಆಗಿದ್ದರಿಂದ ಆ ಪ್ರಶ್ನೆ ನನ್ನ ತಲೆಗೇ ಬರಲಿಲ್ಲ.

ನಾಲ್ಕನೇ ದಿನ ಬೆಂಗಳೂರಿಗೆ ಹೊರಟಿದ್ದಾಗ ಡಾಬಸ್‌ಪೇಟೆ ಹತ್ತಿರ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಮುಂದೆ ಟೋಲ್ ಸಾಲಿನಲ್ಲಿ ಗಾಡಿ ಆಫ್ ಆಯಿತು. ಪಕ್ಕದಲ್ಲಿ ಅಕ್ಕ ಕೂತಿದ್ದಳು, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಹೇಗೋ ಮತ್ತೆ ಸ್ಟಾರ್ಟ್ ಮಾಡಿಕೊಂಡು ವಾಪಸ್ ನನ್ನ ಗ್ಯಾರೇಜಿಗೇ ಬಂದರು. ಅಕ್ಕ ನನಗೆ ಏನೂ ಅನ್ನಲಿಲ್ಲ. ನೀರು ಕುಡಿದು ಒಳಗೆ ಬೆಂಚಿನ ಮೇಲೆ ಕೂತಳು.

ಈ ಸಲ ಸ್ಕ್ಯಾನರ್ ಹಾಕಿದೆ. ಕೋಡ್ ಪಿ0171. ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಫ್ಯೂಯಲ್ ಟ್ರಿಮ್ ನೋಡಿದರೆ ನಿಂತಲ್ಲಿ ಪ್ಲಸ್ 24, 2500 ಆರ್‌ಪಿಎಂಗೆ ಏರಿಸಿದರೆ ಪ್ಲಸ್ 8. ಸೆನ್ಸರ್ ಹೇಳಿದ ಲೆಕ್ಕಕ್ಕಿಂತ ನೂರಕ್ಕೆ 24ರಷ್ಟು ಪೆಟ್ರೋಲ್ ಜಾಸ್ತಿ ಸುರಿದು ಇಸಿಯು ಹೇಗೋ ಸರಿದೂಗಿಸುತ್ತಿತ್ತು. ಸೊನ್ನೆಯ ಆಚೆ ಈಚೆ ಐದೋ ಆರೋ ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಹಾಗಲ್ಲ. ನಿಂತಾಗ ಜಾಸ್ತಿ, ರೇಸ್ ಕೊಟ್ಟಾಗ ಕಡಿಮೆ ಅಂದರೆ ಎಲ್ಲೋ ಸಣ್ಣ ಸಂದಿಯಿಂದ ಸೆನ್ಸರ್ ನೋಡದ ಗಾಳಿ ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಎಂಜಿನ್ ಕಡಿಮೆ ಗಾಳಿ ಎಳೆಯುವಾಗ ಆ ಕಳ್ಳ ಗಾಳಿಯ ಪಾಲು ದೊಡ್ಡದು. ಜಾಸ್ತಿ ಎಳೆಯುವಾಗ ಅದೇ ಗಾಳಿ ಚಿಕ್ಕ ಪಾಲು.

ಹುಡುಗರಿಗೆ ಕಂಪ್ರೆಸರ್ ಆಫ್ ಮಾಡಲು ಹೇಳಿ ಕಿವಿ ಕೊಟ್ಟೆ. ಸುಯ್ ಅಂತ ಸಣ್ಣ ಸದ್ದು. ಬ್ರೀದರ್ ಪೈಪ್ ಹತ್ತಿರ. ಗ್ರಾಮೆಟ್ ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಕೆಳಗಡೆ ಬೆರಳಾಡಿಸಿದಾಗ ಸಿಕ್ಕಿತು, ಉಗುರಿನಷ್ಟು ಉದ್ದದ ಸೀಳು. ಸ್ಕ್ರೂಡ್ರೈವರ್ ತುದಿ ಇಟ್ಟ ಜಾಗವೇ. ಅದರ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಸದ್ದು ನಿಂತಿತು. ಡ್ರೈವರ್ ಸೀಟಿನಲ್ಲಿ ಕೂತಿದ್ದ ಹುಡುಗ ಅಲ್ಲಿಂದಲೇ ಕೂಗಿದ, "ಮಾವ, ಮುಳ್ಳು ನಿಂತಿತು!"

ಮನೆಯಲ್ಲಿ ಕಿಟ್ ಹಾಕುವವರು ತುಂಬಾ ಜನ ಎಡವುವುದು ಇಲ್ಲೇ. ಎಲ್ಲರ ಗಮನ ಫಿಲ್ಟರ್ ಮೇಲೆ, ಹೊಳೆಯುವ ಪೈಪ್ ಮೇಲೆ. ಈ ಸಣ್ಣ ಪೈಪನ್ನು ಸುಮ್ನೆ ಸಿಕ್ಕಿಸಿ ಬಿಡುತ್ತಾರೆ. ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ಅದರ ಕೆಳಭಾಗದ ಕ್ರ್ಯಾಂಕ್‌ಕೇಸಿನ ಹೊಗೆಯನ್ನು, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಪಿಸಿವಿ ಅನ್ನುವ ವಾಲ್ವ್ ಮೂಲಕ ಎಳೆದುಕೊಳ್ಳುತ್ತದೆ. ಆ ಜಾಗ ತುಂಬಲು ಹೊಸ ಗಾಳಿ ಹೋಗುವುದು ಇದೇ ಬ್ರೀದರ್ ಪೈಪಿನಲ್ಲಿ. ಅದು ಸೆನ್ಸರ್ ದಾಟಿದ ಗಾಳಿಯೇ ಆಗಿರಬೇಕು.

ಹೊಸ ಗ್ರಾಮೆಟ್ 25 ರೂಪಾಯಿಗೆ ಸಿಕ್ಕಿತು. ಸೋಪಿನ ನೀರು ಸವರಿ ಕೂರಿಸಿದೆ, ಹಿಂದೆ ಮುಂದೆ ತಿರುಗಿಸಿ ಅಂಚು ಪೂರ್ತಿ ಕೂತಿದೆಯಾ ಅಂತ ಬೆರಳಲ್ಲೇ ನೋಡಿದೆ. ನಿಂತಲ್ಲೂ ರೇಸ್ ಕೊಟ್ಟಾಗಲೂ ಟ್ರಿಮ್ ಪ್ಲಸ್ 6ಕ್ಕೆ ಬಂದು ನಿಂತಿತು. ಸೊನ್ನೆಗೆ ಯಾಕೆ ಬರಲಿಲ್ಲ? ವರ್ನಿಯರ್ ಹಿಡಿದು ಅಳೆದೆ. ಸೆನ್ಸರ್ ಕೂರುವ ಜಾಗದಲ್ಲಿ ಕಿಟ್‌ನ ಪೈಪ್ ಹಳೆಯದಕ್ಕಿಂತ 2 ಮಿಲಿಮೀಟರ್ ಅಗಲ. ಬಾಯಿ ಅಗಲವಾದರೆ ಅಷ್ಟೇ ಗಾಳಿ ನಿಧಾನವಾಗಿ ಹಾದುಹೋಗುತ್ತದೆ, ತಂತಿಗೆ ಕಡಿಮೆ ಅನ್ನಿಸುತ್ತದೆ. ಅದನ್ನು ಇಸಿಯು ತಾನೇ ಸರಿ ಮಾಡಿಕೊಳ್ಳುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ಮಾಡೆಲ್‌ಗೇ ಮಾಡಿದ ಕಿಟ್ ಹೌದಾ ಅಂತ ನೋಡಿ. ಎಲ್ಲ ಗಾಡಿಗೂ ಆಗುತ್ತದೆ ಅನ್ನುವ ಪೈಪನ್ನು ನಾನಂತೂ ಹಾಕುವುದಿಲ್ಲ.

ಸ್ಕ್ಯಾನರ್ ಇನ್ನೊಂದು ವಿಷಯ ತೋರಿಸಿತು. ಹೊರಗೆ 31 ಡಿಗ್ರಿ ಇದ್ದರೆ ಒಳಗೆ ಹೋಗುತ್ತಿದ್ದ ಗಾಳಿ 58 ಡಿಗ್ರಿ. ತೆರೆದ ಫಿಲ್ಟರ್ ಎಂಜಿನ್ ಬಿಸಿಯನ್ನೇ ಉಸಿರಾಡುತ್ತಿತ್ತು. ಗಾಳಿ ಸುಮಾರು 3 ಡಿಗ್ರಿ ಕಾದರೆ ನೂರಕ್ಕೆ ಒಂದು ಪಾಲು ತೆಳುವಾಗುತ್ತದೆ. 27 ಡಿಗ್ರಿಗೆ ಹೆಚ್ಚುಕಡಿಮೆ 8 ಪಾಲು. ಪಿಕಪ್ ಬೇಕು ಅಂತ ಹಾಕಿದ್ದು ಟ್ರಾಫಿಕ್ಕಿನಲ್ಲಿ ಪಿಕಪ್ಪನ್ನೇ ತಿನ್ನುತ್ತಿತ್ತು. ಸೌಂಡು ಜಾಸ್ತಿ ಇದ್ದಿದ್ದರಿಂದ ಅವನಿಗೆ ಗೊತ್ತಾಗಲಿಲ್ಲ. ತಗಡಿನ ತಡೆ ಮಾಡಿ ಎಂಜಿನ್ ಕಡೆಯಿಂದ ಮರೆ ಮಾಡಿದೆ. ಮುಂಭಾಗದಿಂದ ತಣ್ಣನೆ ಗಾಳಿ ತರುವ ಕಂಪನಿಯ ಹಳೆ ಮೂತಿಯನ್ನೇ ಮತ್ತೆ ಸೇರಿಸಿದೆ. ಓಡುವಾಗ 38ಕ್ಕೆ ಇಳಿಯಿತು. ಫಿಲ್ಟರನ್ನು ಬಂಪರ್ ಕೆಳಗೆ ಇಳಿಸೋಣ ಅಂದ, ಬೇಡ ಅಂದೆ. ಮಳೆಯಲ್ಲಿ ಅಂಡರ್‌ಪಾಸಿನ ನೀರು ಎಳೆದುಕೊಂಡರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಈಗ ಯಾರ ಗಾಡಿಗಾದರೂ ಸರಿ, ಬಾನೆಟ್ ಎತ್ತುವ ಮುಂಚೆ ಸ್ಕ್ಯಾನರ್ ಹಾಕಿ ಟ್ರಿಮ್ ಮತ್ತು ಗಾಳಿಯ ಬಿಸಿ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಹಾಕಿದ ಮೇಲೆ ಮತ್ತೆ ಬರೆಯುತ್ತೇನೆ. ಎರಡೂ ಅಂಕಿಯನ್ನು ಗಿರಾಕಿಗೆ ತೋರಿಸುತ್ತೇನೆ. 500 ಕಿಲೋಮೀಟರ್ ಓಡಿಸಿ ಬನ್ನಿ ಅನ್ನುತ್ತೇನೆ. ಬಂದಾಗ ಫಿಲ್ಟರ್ ಬಿಚ್ಚಿ ಪೈಪಿನ ಒಳಗೆ ಬಿಳಿ ಬಟ್ಟೆಯಲ್ಲಿ ಒರೆಸುತ್ತೇನೆ. ಮಧುಗಿರಿ, ಶಿರಾ ಕಡೆಯ ರಸ್ತೆಯಲ್ಲಿ ಓಡುವ ಗಾಡಿಗೆ ಇದು ತುಂಬಾ ಮುಖ್ಯ. ಬಟ್ಟೆಗೆ ಕೆಂಪು ಧೂಳು ಹತ್ತಿದರೆ ಕ್ಲಿಪ್ ಸಡಿಲ, ಇಲ್ಲವೇ ಫಿಲ್ಟರ್ ಸರಿ ಇಲ್ಲ. ಆ ಧೂಳು ಸಿಲಿಂಡರಿನ ಗೋಡೆಯನ್ನು ಉಜ್ಜಿ ತಿನ್ನುತ್ತದೆ. ಕಾಟನ್ ಫಿಲ್ಟರ್ ತೊಳೆದು ಎಣ್ಣೆ ಹಾಕುವವರು ಕಡಿಮೆಯೇ ಹಾಕಿ, ಒಂದು ರಾತ್ರಿ ಇಳಿಯಲು ಬಿಡಿ. ಜಾಸ್ತಿ ಆದದ್ದು ಹೋಗಿ ಸೆನ್ಸರಿನ ತಂತಿಗೆ ಅಂಟುತ್ತದೆ.

ಹಳೆಯ ಡಬ್ಬಿ, ಹೋಸ್, ಸ್ಕ್ರೂ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಅಕ್ಕನ ಮನೆ ಅಟ್ಟದ ಮೇಲೆ ಇಡಿಸಿದ್ದೇನೆ. ಹರಿದ ಗ್ರಾಮೆಟ್ ನನ್ನ ಟೂಲ್ ಬೋರ್ಡಿನ ಮೊಳೆಗೆ ನೇತಾಡುತ್ತಿದೆ. ಹೊಸ ಹುಡುಗರು ಏನಣ್ಣ ಅದು ಅಂತ ಕೇಳಿದರೆ ಇಳಿಸಿ ಅವರ ಕೈಗೆ ಕೊಡುತ್ತೇನೆ. ಸೀಳು ಎಲ್ಲಿದೆ ಅಂತ ಅವರೇ ಹುಡುಕಬೇಕು.