ಸರ್ವೆ ಕಾಲ

ಡಿಸೆಂಬರ್ ಬಂತೆಂದರೆ ನಮ್ಮ ಕೊಡಗಿನ ಸಿದ್ದಾಪುರದ ಕಡೆ ಕಾಫಿ ಕೊಯ್ಲಿನ ಜೊತೆ ಸರ್ವೆ ಮಾಡುವ ವಿದ್ಯಾರ್ಥಿಗಳೂ ಬರುತ್ತಾರೆ. ತೋಟದ ಕಾರ್ಮಿಕರು ಇರುವ ಲೈನ್ ಮನೆಗಳ ಹತ್ತಿರ ಒಂದು ತಂಡ ಸಿಕ್ಕಿತು. ಬೆಳಿಗ್ಗೆ 11 ಗಂಟೆ. ಕೊಯ್ಯುವವರೆಲ್ಲ ತೋಟದೊಳಗೆ, ಮನೆಯಲ್ಲಿ ವಯಸ್ಸಾದವರು, ಮಕ್ಕಳು ಮಾತ್ರ. ಈ ಸ್ಯಾಂಪಲ್, ಅಂದರೆ ಎಲ್ಲರ ಪರವಾಗಿ ಕೇಳಲು ಆರಿಸಿದ ಮಂದಿಯನ್ನು, ಇಟ್ಟುಕೊಂಡು 'ಕಾರ್ಮಿಕರ ಅಭಿಪ್ರಾಯ' ಅಂತ ಬರೆದರೆ ಹೇಗೆ? ಫಾರ್ಮ್ ಜಾಸ್ತಿ ತುಂಬಿದ ಮಾತ್ರಕ್ಕೆ ಒಂದೇ ಕಡೆಗೆ ವಾಲಿದ ಸ್ಯಾಂಪಲ್ ನೆಟ್ಟಗಾಗುವುದಿಲ್ಲ. ಸಂಜೆ ಬನ್ನಿ ಅಂದೆ. ಬಸ್ಸು ತಪ್ಪುತ್ತಂತೆ!

ಇನ್ನೊಂದು ತಮಾಷೆ. 'ಕೂಲಿ ಸಾಕಾಗುತ್ತಾ?' ಅಂತ ಕೇಳಿದ್ದು ಮಾಲೀಕರ ಕಡೆಯಿಂದ ಹಾಜರಿ ಬರೆಯುವ ರೈಟರ್ ಪಕ್ಕದಲ್ಲೇ ನಿಂತಿರುವಾಗ. ಸಾಕು ಅನ್ನದೆ ಇನ್ನೇನು ಅಂತಾರೆ ಪಾಪ.

ಪ್ರಶ್ನಾವಳಿ ಬೇಡ ಅಂತಲ್ಲ. ಎಷ್ಟು ಮಂದಿ, ಎಲ್ಲಿಂದ ಬಂದವರು, ಮಕ್ಕಳು ಶಾಲೆಗೆ ಹೋಗುತ್ತಾರಾ, ಇದಕ್ಕೆಲ್ಲ ಅದೇ ಸರಿ. ಆದರೆ ಅಂಜಿಕೆ, ಮುನಿಸು, ಕೈಸಾಲ ಇವೆಲ್ಲ ಟಿಕ್ ಹಾಕುವ ಚೌಕದೊಳಗೆ ಸುಮ್ನೆ ಬಂದು ಕೂರುವುದಿಲ್ಲ. ಅದಕ್ಕೇ ಸಮಾಜಶಾಸ್ತ್ರದಲ್ಲಿ ಸಹಭಾಗಿ ಅವಲೋಕನ ಅಂತ ಇದೆ, ಜನರ ಜೊತೆಗೇ ಇದ್ದು ನೋಡುವುದು. ನಮ್ಮ ಕೊಡವರ ಬಗ್ಗೆ 1952ರಲ್ಲಿ ಪುಸ್ತಕ ತಂದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದದ್ದು ಹೀಗೇ. ಬರೆಯುವಾಗ ಆ ಊರಿಗೆ ರಾಮಪುರ ಅಂತ ಬೇರೆ ಹೆಸರಿಟ್ಟರು. ಮಾತಾಡಿದವರ ಗುರುತು ಮರೆಮಾಚುವುದೂ ವಿಧಾನದ ಭಾಗವೇ ಅಲ್ವಾ?