ಊರ ನಡುಭಾಗ ಸರಿಮಾಡುವುದಾದರೆ ನೀರಿನಿಂದ ಶುರುಮಾಡಿ

ಊರ ನಡುಭಾಗವನ್ನು ಚೆಂದ ಮಾಡೋಣ ಅಂತ ಮಾತು ಎದ್ದರೆ ಸ್ವಾಗತ ಕಮಾನು, ಇಂಟರ್‌ಲಾಕ್ ಕಲ್ಲು, ಹೈಮಾಸ್ಟ್ ದೀಪ ಈ ಮೂರೂ ಪಟ್ಟಿಯ ಮೊದಲಿಗೇ ಬಂದು ಕೂರುತ್ತವೆ. ಹಾಸನ, ಚಿಕ್ಕಮಗಳೂರು ಕಡೆಯ ಹಳ್ಳಿಗಳಿಗೆ ಈ ಕ್ರಮ ಒಗ್ಗುವುದಿಲ್ಲ. ಇಲ್ಲಿ ಕಟ್ಟಿದ್ದನ್ನೆಲ್ಲ ಕೆಡಿಸುವುದು ಹರಿಯಲು ದಾರಿ ಸಿಗದ ನೀರು. ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ವರ್ಷದ ಮಳೆ 2,000 ಮಿ.ಮೀ. ದಾಟುತ್ತದೆ. ಅರಸೀಕೆರೆ, ಕಡೂರಿನಲ್ಲಿ ಅದರ ಅರ್ಧವೂ ಇಲ್ಲ, ಆದರೆ ಬರುವ ಕೆಲವೇ ಜೋರು ಮಳೆಗೆ ಬಸ್ ಸ್ಟ್ಯಾಂಡೇ ಕೆರೆಯಾಗುತ್ತದೆ.

ಮೊದಲ ಕೆಲಸ ಮಟ್ಟ ನೋಡುವುದು. 15 ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಂಡು, ಇಬ್ಬರು ಎರಡು ತುದಿ ಹಿಡಿದು ನಿಂತರೆ ಸಾಕು, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಒಂದು ಗಟ್ಟಿ ಗುರುತು ಇಟ್ಟುಕೊಂಡು, ಸುತ್ತಲಿನ ಪ್ರತಿ ಹೊಸಿಲು ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಬರೆದುಕೊಳ್ಳಿ. ಪ್ರತಿ ಅನುದಾನಕ್ಕೂ ಹಳೇ ಕಾಂಕ್ರೀಟಿನ ಮೇಲೇ 15 ಸೆಂ.ಮೀ. ಹೊಸದು ಸುರಿದರೆ ಎರಡೇ ಸುತ್ತಿಗೆ ರಸ್ತೆ ಒಂದಡಿ ಏರುತ್ತದೆ, ಮನೆಗಳು ಗುಂಡಿಗೆ ಬೀಳುತ್ತವೆ. ಆದ್ದರಿಂದ ‘ಹಳೇ ಪದರ ಒಡೆದು ತೆಗೆಯುವುದು’ ಎಂಬ ಬಾಬ್ತು ಎಸ್ಟಿಮೇಟಿನಲ್ಲಿ ಪ್ರತ್ಯೇಕವಾಗಿ ಇರಲೇಬೇಕು. ಇದೊಂದನ್ನು ಹಟ ಹಿಡಿದು ಬರೆಸಿ. ನೆಲಕ್ಕೆ 50ಕ್ಕೆ 1ರ ಇಳಿಜಾರು, ಅಂದರೆ 10 ಮೀಟರಿಗೆ 20 ಸೆಂ.ಮೀ.; ಚರಂಡಿಗೆ 100ಕ್ಕೆ 1 ಇದ್ದರೆ ಹೂಳು ಅಷ್ಟಾಗಿ ನಿಲ್ಲದು.

ಚರಂಡಿ ಹಾಳಾಗುವುದು ಹೆಚ್ಚಾಗಿ ಮುಚ್ಚಳದಿಂದ. ಮೀಟರ್ ಉದ್ದ, 90 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಚಪ್ಪಡಿ ಸುಮಾರು 225 ಕಿಲೋ ತೂಗುತ್ತದೆ. ಅದನ್ನು ಎತ್ತುವವರು ಯಾರು? ಹಾಗಾಗಿ ಒಮ್ಮೆ ಮುಚ್ಚಿದ್ದು ಮತ್ತೆ ತೆರೆಯುವುದೇ ಇಲ್ಲ. 60 ಸೆಂ.ಮೀ. ಚೌಕ, ಏಳೂವರೆ ಸೆಂ.ಮೀ. ದಪ್ಪ, ಕಂಬಿ ಹಾಕಿದ ಚಪ್ಪಡಿಯಾದರೆ 67 ಕಿಲೋ ಆಸುಪಾಸು. ಎರಡು ಹಿಡಿ ತೂತು ಬಿಟ್ಟರೆ ಇಬ್ಬರು ಎತ್ತಬಹುದು. ವಾಹನ ದಾಟುವ ಕಡೆ ಮಾತ್ರ ದಪ್ಪ ಚಪ್ಪಡಿ ಇರಲಿ, ಮೂರು ಮೀಟರಿಗೊಂದು ಕಬ್ಬಿಣದ ಜಾಲರಿಯೂ ಇರಲಿ. ಚರಂಡಿಯ ಕೊನೆ ಎಲ್ಲಿ ಎಂಬುದನ್ನು ನಕ್ಷೆಯಲ್ಲೇ ಕೇಳಿ. ಬಚ್ಚಲು ನೀರನ್ನು ಕೆರೆಗೆ ಬಿಡುವುದು ಪರಿಹಾರವಲ್ಲ. ಕಡೂರು ಕಡೆ, ಹೂಳು ತಡೆಯುವ ಒಂದು ತೊಟ್ಟಿ ಕಟ್ಟಿ ಇಂಗುಗುಂಡಿಗೆ ಬಿಟ್ಟರೆ ನಡೆಯುತ್ತದೆ. ಮಲೆನಾಡಿನಲ್ಲಿ ಜುಲೈ ಹೊತ್ತಿಗೆ ನೆಲವೇ ನೀರು ಕುಡಿದು ತುಂಬಿರುತ್ತದೆ, ಇಂಗುಗುಂಡಿ ಉಕ್ಕುತ್ತದೆ. ಅಲ್ಲಿ ಮಳೆನೀರಿಗೆ ಬೇರೆ ಕಾಲುವೆಯೇ ಬೇಕು.

ಇನ್ನು ಅರಳಿಕಟ್ಟೆ. ಊರಿನ ನಿಜವಾದ ಚಾವಡಿ ಅದೇ, ಅತಿ ಹೆಚ್ಚು ಪೆಟ್ಟು ತಿನ್ನುವುದೂ ಅದೇ. ಬುಡದವರೆಗೂ ಸಿಮೆಂಟು, ಮೇಲೆ ಟೈಲ್ಸ್ ಹಾಕಿದರೆ ಬೇರಿಗೆ ಗಾಳಿ, ನೀರು ಇಳಿಯುವುದಿಲ್ಲ. ಬೇರು ಕಟ್ಟೆಯನ್ನು ಸೀಳುತ್ತದೆ, ನಾವು ಬೇರು ಕಡಿಯುತ್ತೇವೆ, ಬೇರಿನ ಹಿಡಿತ ತಪ್ಪಿದ ಮರ ಗಾಳಿಗೆ ಉರುಳುತ್ತದೆ. ಕಾಂಡದ ಸುತ್ತ ಕಡಿಮೆ ಎಂದರೂ ಒಂದು ಮೀಟರ್ ಬರೀ ಮಣ್ಣು ಬಿಡಿ. ಬುಡ ಅಗಲವಾಗಿ ನೆಲ ಸೇರುವ ಭಾಗ ಹೊರಗೆ ಕಾಣುತ್ತಿರಬೇಕು. ಅದರ ಮೇಲೆ ಮಣ್ಣು ಏರಿಸಿದರೆ ತೊಗಟೆ ಕೊಳೆಯುತ್ತದೆ. ಗೋಡೆಯನ್ನು ಸೈಜುಗಲ್ಲಿನಲ್ಲಿ ಕಟ್ಟಿ, ಮೀಟರಿಗೊಂದು ನೀರುಗಂಡಿ ಬಿಡಿ. ಬೇರು ಅಡ್ಡ ಬಂದಲ್ಲಿ ಗೋಡೆಯನ್ನೇ ಎರಡಡಿ ಹೊರಗೆ ತಳ್ಳಿ, ಬೇರಿನ ಮೇಲೆ ಕಲ್ಲಿನ ಚಪ್ಪಡಿಯ ಸೇತುವೆ ಹಾಸಬೇಕು. ಕೂರುವ ಎತ್ತರ 45 ಸೆಂ.ಮೀ. ಅದಕ್ಕಿಂತ ಎತ್ತರವಾದರೆ ವಯಸ್ಸಾದವರ ಕಾಲು ನೇತಾಡುತ್ತದೆ, ತಗ್ಗಾದರೆ ಏಳಲು ಕಷ್ಟ. ನಾಗರಕಲ್ಲು ಇದ್ದರೆ ಪೂಜೆ ಮಾಡುವ ಮನೆಯವರನ್ನು ಕೇಳದೆ ಮುಟ್ಟಬೇಡಿ.

ಇಂಟರ್‌ಲಾಕ್ ಹಾಕಲೇಬೇಕಾದರೆ ನಡೆಯುವ ಜಾಗಕ್ಕೆ 60 ಮಿ.ಮೀ., ವಾಹನ ಓಡಾಡುವ ಕಡೆ 80 ಮಿ.ಮೀ. ದಪ್ಪದ್ದು. ಅಂಚಿಗೆ ಕಟ್ಟುಕಲ್ಲು ಬೇಕೇ ಬೇಕು, ಇಲ್ಲದಿದ್ದರೆ ಸಾಲುಗಳು ಹರಡಿ ಬಿಡುತ್ತವೆ. ಬಸ್ಸು ತಿರುಗುವ ಕಡೆ ಇಂಟರ್‌ಲಾಕ್ ಬೇಡ, ಕಾಂಕ್ರೀಟೇ ಸರಿ. ಮಲೆನಾಡಿನಲ್ಲಿ ನುಣುಪು ಮೇಲ್ಮೈ ಪಾಚಿ ಕಟ್ಟಿ ಜಾರುತ್ತದೆ, ಒರಟುಗಲ್ಲೇ ಉತ್ತಮ.

ಬಸ್ ತಂಗುದಾಣದ ಬೆನ್ನು ನೈಋತ್ಯಕ್ಕಿರಲಿ, ಮುಂಗಾರಿನ ಗಾಳಿಮಳೆ ಬರುವುದು ಆ ಕಡೆಯಿಂದ. ಸೂರು ಒಂದು ಮೀಟರ್ ಮುಂದೆ ಚಾಚಿರಲಿ. ಹಿಂಗೋಡೆಯನ್ನು ಪೂರ್ತಿ ಮುಚ್ಚದೆ ಕಿಂಡಿ ಬಿಟ್ಟರೆ ಸಂಜೆ ಹೊತ್ತು ಹೆಣ್ಣುಮಕ್ಕಳು ಧೈರ್ಯವಾಗಿ ಕೂರುತ್ತಾರೆ. ಅವರು ಕೂರದ ತಂಗುದಾಣ ಊರಿಗೆ ಪ್ರಯೋಜನವಿಲ್ಲ. ಬಸ್ಸು ನಿಜವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲೇ ಕಟ್ಟಿ. ದೀಪಕ್ಕೆ ಒಂದು ಹೈಮಾಸ್ಟ್ ಬದಲು ಐದಾರು ಮೀಟರಿನ ನಾಲ್ಕು ಕಂಬ. ಕೆಟ್ಟರೆ ಊರಿನ ಎಲೆಕ್ಟ್ರಿಷಿಯನ್ನೇ ಏಣಿ ಹಾಕಿ ಸರಿಮಾಡಬಹುದು.

ಕಾಗದದ ಕೆಲಸದಲ್ಲಿ ಎಡವುವ ಜಾಗಗಳೂ ಇವೆ. ಜಾಗ ಗ್ರಾಮಠಾಣದ್ದೋ, ಲೋಕೋಪಯೋಗಿ ಇಲಾಖೆಯ ರಸ್ತೆಯಂಚೋ ಎಂದು ಮೊದಲೇ ನೋಡಿ, ಇಲ್ಲದಿದ್ದರೆ ಅರ್ಧ ಕಟ್ಟಿದ ಮೇಲೆ ಕೆಲಸ ನಿಲ್ಲುತ್ತದೆ. ಬೇಡಿಕೆಯನ್ನು ವಾರ್ಡ್ ಸಭೆಯಲ್ಲಿ ಲಿಖಿತವಾಗಿ ಕೊಟ್ಟು, ಗ್ರಾಮಸಭೆಯ ನಡವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ವರ್ಷದ ಪಂಚಾಯಿತಿ ಯೋಜನೆಯ ತಯಾರಿ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ, ಆ ಹೊತ್ತಿಗೆ ಅಳತೆಯ ನಕ್ಷೆ ಕೈಯಲ್ಲಿರಬೇಕು. ದೊಡ್ಡಗದ್ದವಳ್ಳಿ, ಬೆಳವಾಡಿಯಂತೆ ಊರೊಳಗೇ ಸಂರಕ್ಷಿತ ಹೊಯ್ಸಳ ಗುಡಿ ಇದ್ದರೆ ಇನ್ನೊಂದು ಎಚ್ಚರ: ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಆದ 2010ರ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಅಂಥ ಊರಿನಲ್ಲಿ ತಂಗುದಾಣದ ಜಾಗವನ್ನು ಟೇಪು ಹಿಡಿದು ಅಳೆದ ಮೇಲೆಯೇ ಗೊತ್ತುಮಾಡಿ.