ತಾಳಮದ್ದಳೆ ಕ್ಯಾಸೆಟ್ ಕೆಲಸ: ಬೋರ್ಡ್ ಆಯ್ಕೆ ಮುಗಿಯಿತು

ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮುಂಚೆ ತಿರುಗಾಟ ಮುಗಿಯುವ ದಿನ, ಕಳೆದು ಯಕ್ಷಗಾನ ಮೇಳಗಳ ತಿರುಗಾಟ ನಿಂತಿದೆ. ಮೇಳದಲ್ಲಿರುವ ನಮ್ಮ ಗೆಳೆಯರಿಗೂ ಈಗ ಬಿಡುವು. ಹಾಗಾಗಿ ಕ್ಯಾಸೆಟ್ ಕೆಲಸ ಮತ್ತೆ ಚುರುಕಾಗಿದೆ. ಹೊಸದಾಗಿ ಓದುವವರಿಗೆ ಒಂದು ಮಾತು. ಉಡುಪಿ ಸುತ್ತಮುತ್ತಲ ಮನೆಗಳ ಕಪಾಟಿನಲ್ಲಿ ಉಳಿದಿರುವ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ) ಕ್ಯಾಸೆಟ್‌ಗಳನ್ನು ತರುತ್ತೇವೆ, ಕಂಪ್ಯೂಟರಿಗೆ ಇಳಿಸುತ್ತೇವೆ, ಮನೆಯವರಿಗೆ ವಾಪಸು ಮುಟ್ಟಿಸುತ್ತೇವೆ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು ಅರ್ಥ ಹೇಳಿದ (ಪಾತ್ರವಾಗಿ ಮಾತಾಡಿದ) ರಾತ್ರಿಗಳು ಇವುಗಳಲ್ಲಿವೆ. ಕರಾವಳಿಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಇನ್ನೊಂದು ಮಳೆಗಾಲ ಹೋದರೆ ಕೆಲವು ನಮಗೆ ಸಿಗಲಿಕ್ಕಿಲ್ಲ.

ಇಷ್ಟು ದಿನ ವಾಟ್ಸಾಪ್ ಗುಂಪು ಮತ್ತು ಒಂದು ಗೂಗಲ್ ಶೀಟ್‌ನಲ್ಲೇ ಕೆಲಸ ನಡೆಯುತ್ತಿತ್ತು. ಶೀಟ್‌ನಲ್ಲಿ ಎಲ್ಲವೂ ಬರೆದಿರುತ್ತದೆ ನಿಜ, ಆದರೆ ಕೆಲಸ ಎಲ್ಲಿ ನಿಂತಿದೆ ಅಂತ ಕಾಣುವುದಿಲ್ಲ. ಮೇಜಿನ ಮೇಲೊಂದು ಡಬ್ಬಿ ಇರುತ್ತದೆ. "ಇದು ಯಾರ ಮನೆಯದ್ದು ಮಾರಾಯ್ರೇ?" ಅಂತ ಯಾರೋ ಕೇಳುತ್ತಾರೆ. ಉತ್ತರ ಹುಡುಕಲು ವಾಟ್ಸಾಪ್‌ನಲ್ಲಿ ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಒಬ್ಬರು ನಂಬಿ ಕೊಟ್ಟ ವಸ್ತು ಅದು. ಹಾಗೆ ಹುಡುಕುವ ಪರಿಸ್ಥಿತಿ ಬರಲೇಬಾರದು. ಅದಕ್ಕೇ ಒಂದು ಬೋರ್ಡ್ ಸಾಫ್ಟ್‌ವೇರ್ ಹುಡುಕಿದೆವು: ಪರದೆಯ ಮೇಲೆ ಕೆಲಸದ ಪ್ರತಿ ಹಂತಕ್ಕೂ ಒಂದು ಕಂಬ, ಕೆಲಸ ಮುಂದುವರಿದ ಹಾಗೆ ಕಾರ್ಡ್ ಒಂದು ಕಂಬದಿಂದ ಇನ್ನೊಂದಕ್ಕೆ ಸರಿಯುತ್ತದೆ.

ಸಾಫ್ಟ್‌ವೇರ್ ನೋಡುವ ಮೊದಲೇ ಒಂದು ಪ್ರಶ್ನೆ ಬಂತು: ಒಂದು ಕಾರ್ಡ್ ಅಂದರೆ ಏನು? ನಮ್ಮ ಚರ್ಚೆ ಹೆಚ್ಚು ನಡೆದದ್ದು ಇದರ ಮೇಲೇ. ಒಂದು ರಾತ್ರಿಯ ಪ್ರಸಂಗ, ಅಂದರೆ ಕಥೆ, ಮೂರೋ ನಾಲ್ಕೋ ಕ್ಯಾಸೆಟ್‌ಗಳಲ್ಲಿ ಹರಡಿರುತ್ತದೆ. ಪ್ರಸಂಗಕ್ಕೊಂದು ಕಾರ್ಡ್ ಸಾಕು ಅಂತ ಕಾಲೇಜಿನ ಹುಡುಗರು ಹೇಳಿದರು. ಕೇಳುವವರಿಗೆ ಬೇಕಾದದ್ದು ಪ್ರಸಂಗವೇ, ಅದು ಸರಿ. ಆದರೆ ಬೂಷ್ಟು ಹಿಡಿಯುವುದು ಕ್ಯಾಸೆಟ್‌ಗೆ. ಒಳಗಿನ ಫೆಲ್ಟ್ ಪ್ಯಾಡ್ ಅಂಟು ಬಿಟ್ಟು ಬೀಳುವುದು ಒಂದು ಕ್ಯಾಸೆಟ್‌ನಲ್ಲಿ, ಅದರ ಜತೆಯದ್ದು ಚೆನ್ನಾಗೇ ಇರುತ್ತದೆ. ವಾಪಸು ಕೊಡಬೇಕಾದದ್ದೂ ಕ್ಯಾಸೆಟ್. ಕೊನೆಗೆ ಒಂದು ಕ್ಯಾಸೆಟ್‌ಗೆ ಒಂದು ಕಾರ್ಡ್, ಎ ಮತ್ತು ಬಿ ಬದಿಗಳು ಅದರೊಳಗಿನ ಉಪಕೆಲಸ ಅಂತ ತೀರ್ಮಾನ ಆಯಿತು. ಇದು ಗಟ್ಟಿಯಾದ ಮೇಲೆ ಸಾಫ್ಟ್‌ವೇರ್ ಆಯ್ಕೆ ಅರ್ಧ ಮುಗಿದ ಹಾಗೆಯೇ.

ಟ್ರೆಲ್ಲೋ ಬಳಸಲು ತುಂಬ ಸುಲಭ. 2011ರಿಂದ ಇದೆ, 2017ರಲ್ಲಿ ಅಟ್ಲಾಸಿಯನ್ ಕಂಪನಿ ಕೊಂಡುಕೊಂಡಿತು. ಫೋನ್ ಆ್ಯಪ್ ಚೆನ್ನಾಗಿದೆ, ನೆಟ್ ಇಲ್ಲದಾಗಲೂ ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಉಚಿತ ಯೋಜನೆಯಲ್ಲಿ ಒಂದು ವರ್ಕ್‌ಸ್ಪೇಸ್‌ಗೆ 10 ಜನ ಮಾತ್ರ, ನಾವು ಅದಕ್ಕಿಂತ ಜಾಸ್ತಿ. ಜಿರಾದ ಉಚಿತ ಯೋಜನೆಗೂ ಅದೇ 10ರ ಮಿತಿ. ಅಲ್ಲದೆ ಜಿರಾ ಸಾಫ್ಟ್‌ವೇರ್ ಕಂಪನಿಗಳ ಕೆಲಸಕ್ಕೆ ಹೊಂದುವಂಥದ್ದು, ನಮಗೆ ಅಷ್ಟೆಲ್ಲ ಬೇಡ. ರೆಡ್‌ಮೈನ್ ಗಟ್ಟಿ ಸಾಫ್ಟ್‌ವೇರ್, ಆದರೆ ಅದರ ಪರದೆ ನೋಡಿದರೆ ನಮ್ಮ ಹಿರಿಯರು ಹಿಂದೆ ಸರಿಯುತ್ತಾರೆ.

ನಾವು ಆರಿಸಿದ್ದು ಕ್ಯಾನ್‌ಬೋರ್ಡ್. ಮುಕ್ತ ತಂತ್ರಾಂಶ, ನಮ್ಮದೇ ಸರ್ವರಿನಲ್ಲಿ ಹಾಕಿಕೊಳ್ಳಬಹುದು. ಪ್ರತಿ ಕಾರ್ಡಿಗೂ ತಾನಾಗಿ ಒಂದು ಸಂಖ್ಯೆ ಬರುತ್ತದೆ, ಅದು ಕಾರ್ಡಿನ ಮೇಲೇ ಕಾಣುತ್ತದೆ. ಅದೇ ಸಂಖ್ಯೆಯನ್ನು ಕ್ಯಾಸೆಟ್ ಡಬ್ಬಿಯೊಳಗಿನ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತೇವೆ. ಬೋರ್ಡಿನ ಅಡ್ಡಸಾಲುಗಳಿಗೆ ಮನೆಗಳ ಹೆಸರಿಟ್ಟಿದ್ದೇವೆ. ಈಗ 47 ಅಂತ ಬರೆದ ಡಬ್ಬಿ ಸಿಕ್ಕಿದರೆ ಯಾರ ಮನೆಯದ್ದು, ಯಾವ ಹಂತದಲ್ಲಿದೆ ಎರಡೂ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪ್ರಸಂಗದ ಹೆಸರನ್ನು ಟೈಪ್ ಮಾಡುವುದು ಬೇಡ, ಪಟ್ಟಿಯಿಂದಲೇ ಆರಿಸಬೇಕು ಅಂತ ನಿಯಮ ಮಾಡಿದ್ದೇವೆ. ಒಬ್ಬರು 'ಕೃಷ್ಣಸಂಧಾನ' ಅಂತ ಕೂಡಿಸಿ ಬರೆದರೆ ಇನ್ನೊಬ್ಬರು 'ಕೃಷ್ಣ ಸಂಧಾನ' ಅಂತ ಬಿಡಿಸುತ್ತಾರೆ. ಕೆಲವು ಕೀಬೋರ್ಡ್‌ಗಳು ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು ಸೇರಿಸುತ್ತವೆ. ನೋಡಲು ಒಂದೇ ಪದ, ಆದರೆ ಹುಡುಕಿದರೆ ಸಿಗುವುದಿಲ್ಲ. ಕನ್ನಡದಲ್ಲಿ ದಾಖಲೆ ಇಡುವ ಯಾವ ತಂಡಕ್ಕೂ ಇದನ್ನು ಹೇಳುತ್ತೇನೆ.

ಇನ್ನು ಮುಖ್ಯ ವಿಷಯ. ಟೇಪ್ ಇಳಿಸುವುದು ನಿಧಾನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 90 ನಿಮಿಷದ ಕ್ಯಾಸೆಟ್‌ಗೆ 90 ನಿಮಿಷ ಬೇಕೇ ಬೇಕು, ಅಷ್ಟೇ. ನಿಜವಾಗಿ ಕೆಲಸ ಕಟ್ಟಿಕೊಳ್ಳುವುದು ಧ್ವನಿ ಗುರುತಿಸುವಲ್ಲಿ. ಕರ್ಣ ಯಾರು, ಶಲ್ಯ ಯಾರು, ಹಾಡುವ ಭಾಗವತರು ಯಾರು ಅಂತ ಹೇಳಬಲ್ಲವರು ನಮ್ಮಲ್ಲಿ ಬ್ರಹ್ಮಾವರದ ಮಾಸ್ಟ್ರು ಒಬ್ಬರೇ. ಎರಡು ಮಾತು ಕೇಳಿದರೆ ಸಾಕು, ಹೆಸರು ಹೇಳುತ್ತಾರೆ. ಬೋರ್ಡಿನಲ್ಲಿ 'ಧ್ವನಿ ಗುರುತು' ಕಂಬಕ್ಕೆ ಐದು ಕಾರ್ಡಿನ ಮಿತಿ ಹಾಕಿದ್ದೇವೆ. ಮೀರಿದರೆ ಕಂಬ ಕೆಂಪಾಗುತ್ತದೆ. ಕೆಂಪು ಕಂಡರೆ ಹೊಸ ಟೇಪ್ ಇಳಿಸುವುದು ನಿಲ್ಲಿಸಿ, ಇಳಿಸಿದ್ದನ್ನು ತುಂಡು ಮಾಡಿ ಮಾಸ್ಟ್ರಿಗೆ ಕಳಿಸುವ ಕೆಲಸಕ್ಕೆ ಕೈ ಹಾಕುತ್ತೇವೆ. ಮಾಸ್ಟ್ರಿಗೆ ಲಾಗಿನ್, ಪಾಸ್‌ವರ್ಡ್ ಏನೂ ಇಲ್ಲ. ನೋಡಲು ಮಾತ್ರ ಬರುವ ಸಾರ್ವಜನಿಕ ಕೊಂಡಿಯೊಂದನ್ನು ಅವರ ಫೋನಿಗೆ ಹಾಕಿ ಕೊಟ್ಟಿದ್ದೇವೆ. ಅವರು ಫೋನ್ ಮಾಡಿ ಹೇಳುತ್ತಾರೆ, ನಮ್ಮ ತಂಡದ ಅಕ್ಕ ಕಾರ್ಡಿನಲ್ಲಿ ಬರೆದು ಮುಂದಕ್ಕೆ ಸರಿಸುತ್ತಾರೆ. ಮಾಸ್ಟ್ರು ಕಲಿಯಬೇಕಾದದ್ದು ಏನೂ ಉಳಿಯಲಿಲ್ಲ. ನನಗೆ ಕ್ಯಾನ್‌ಬೋರ್ಡ್ ಮೇಲೆ ಪ್ರೀತಿ ಬಂದದ್ದೇ ಇದರಿಂದ.

ಕೊರತೆಗಳೂ ಇವೆ. ಫೋನಿನಲ್ಲಿ ಬ್ರೌಸರ್ ತೆರೆದೇ ನೋಡಬೇಕು, ಬೆರಳಿನಿಂದ ಕಾರ್ಡ್ ಎಳೆಯುವುದು ಕಷ್ಟ. ದೊಡ್ಡ ಹೊಸ ಸೌಲಭ್ಯಗಳು ಇನ್ನು ಬರುವುದಿಲ್ಲ, ದುರಸ್ತಿ ಮಾತ್ರ ಅಂತ ಅದನ್ನು ಮಾಡಿದವರೇ ಹೇಳಿದ್ದಾರೆ. ನಮಗೆ ಇಷ್ಟು ಸಾಕು. ಇಡೀ ಮಾಹಿತಿ ಒಂದೇ ಎಸ್‌ಕ್ಯೂಎಲೈಟ್ ಡೇಟಾಬೇಸ್ ಫೈಲಿನಲ್ಲಿದೆ, ಸಿಎಸ್‌ವಿ (ಯಾವ ಶೀಟ್‌ನಲ್ಲೂ ತೆರೆಯುವ ಸಾದಾ ಪಟ್ಟಿ) ಆಗಿಯೂ ತೆಗೆಯಬಹುದು. ನಾಳೆ ಬೇರೆ ಕಡೆ ಹೋಗಬೇಕಾದರೂ ಯಾರ ಅಪ್ಪಣೆಯೂ ಬೇಡ.

ಹಳೆಯ ಶೀಟ್ ಸಿಎಸ್‌ವಿ ಮೂಲಕ ಒಳಗೆ ಬಂದಾಗಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಹಾಗಾಗಿ ಮನೆಯ ಕಂಪ್ಯೂಟರ್ ಬಿಟ್ಟು ಬಾಡಿಗೆಯ ಸಣ್ಣ ಸರ್ವರಿನಲ್ಲಿ ಇಟ್ಟಿದ್ದೇವೆ. ಮುಂದಿನ ಕೆಲಸ ಬೋರ್ಡಿನ ಆ ಫೈಲಿನ ನಕಲು ದಿನಾ ರಾತ್ರಿ ತಾನಾಗಿ ಇನ್ನೊಂದು ಕಡೆ ಹೋಗುವಂತೆ ಮಾಡುವುದು. ಕಾರ್ಕಳದ ಒಂದು ಮನೆಯಿಂದ ಎರಡು ಪೆಟ್ಟಿಗೆ ಕ್ಯಾಸೆಟ್ ಬರುವುದಿದೆ, ಅದಕ್ಕೆ ಹೊಸ ಅಡ್ಡಸಾಲು ಹಾಕಿಟ್ಟಿದ್ದೇವೆ. ಹಳೆಯ ಅರ್ಥಧಾರಿಗಳ ಧ್ವನಿ ಗುರುತಿಸಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬನ್ನಿ. ಮಾಸ್ಟ್ರ ಜತೆ ಇನ್ನೊಬ್ಬರು ಸೇರಿದರೆ ಆ ಐದನ್ನು ಹತ್ತು ಮಾಡಬಹುದು.